ಅರ್ಧ ಕೆಮ್ಮು

ನೊಣ ಅಲ್ಲ, ಕಪ್ಪು ಬಣ್ಣದ ಹನಿ, ಪೋಸ್ಟರು ಅಚ್ಚು ಹಾಕುವ ಜಾಲರಿ ಚೌಕಟ್ಟಿನ ಅಂಚಿನ ಮೇಲೆ ನೊಣದ ಹಾಗೇ ಕೂತಿದೆ, ಈಗ ಹಾರುತ್ತದೆ, ಈಗ ಹಾರುತ್ತದೆ ಅನ್ನಿಸುತ್ತದೆ, ಹಾರುವುದಿಲ್ಲ, ಒರೆಸಬೇಕು, ಒರೆಸಲು ಹೋದರೆ ಕೈ ನಿಲ್ಲುತ್ತದೆ, ಕೈ ನಿಂತರೆ ಬಣ್ಣ ಜಾಲರಿಯಲ್ಲೇ ಒಣಗಿ ಅಕ್ಷರಗಳ ಸಂದಿಗೊಂದಿಗಳೆಲ್ಲ ಮುಚ್ಚಿಹೋಗುತ್ತವೆ, ಕೂತಿರಲಿ ಬಿಡು — ಚೌಕಟ್ಟು ಇಳಿಸು, ರಬ್ಬರ್ ಅಂಚಿನ ಸ್ಕ್ವೀಜಿಯನ್ನು ಎರಡೂ ಕೈಯಲ್ಲಿ ಒತ್ತಿ ಹೊಟ್ಟೆಯ ಕಡೆಗೆ ಎಳೆ, ಎತ್ತು, ನಲವತ್ತೊಂದು, ಇನ್ನು ನೂರೈವತ್ತೊಂಬತ್ತು ಹಾಳೆ, ಮೂರು ಗಂಟೆಗೆ ಗೋಡೆಗೆ ಅಂಟಿಸುವವನು ಗೋಂದಿನ ಬಕೆಟ್ಟು ಹಿಡಿದು ಬರುತ್ತಾನೆ, ಹನ್ನೊಂದಕ್ಕೆ ತಂಗಿ ಬರುತ್ತಾಳೆ, ಬರಲಿ, ಬಂದು ನೋಡಲಿ, ಅವಳದೇ ಹಾಡಿನ ಕಛೇರಿ, ಅವಳದೇ ಪೋಸ್ಟರು, ಗುಲಾಬಿ ಬಣ್ಣದ ಒಂದು ದೊಡ್ಡ ಬಾಗಿಲು, ಬಾಗಿಲಿನ ಪಕ್ಕದಲ್ಲಿ ಮೇಲಿಂದ ಕೆಳಗಿನವರೆಗೆ ಹಳದಿಯ ಒಂದು ಗೆರೆ, ಒಳಗೆ ದೀಪ ಉರಿಯುತ್ತಿದೆ ಎಂಬಂತೆ, ಕೆಳಗೆ ಕಪ್ಪಕ್ಷರದಲ್ಲಿ ‘ಪಕ್ಕದ ಕೋಣೆ’, ಇಪ್ಪತ್ತೆರಡು ವರ್ಷದ ಹಿಂದಿನ ಆಲ್ಬಮ್ಮು, ಎಂಟೂ ಹಾಡು ಒಂದೇ ಸಂಜೆ, ಮೊದಲ ಬಾರಿಗೆ ವೇದಿಕೆಯ ಮೇಲೆ. ಅಂಗಡಿಯಲ್ಲಿ ಎಲ್ಲರೂ ರೇಡಿಯೋ ಅಂತ ಕರೆಯುವ ಹೆಂಗಸು, ಬಾಯಿ ಮುಚ್ಚದ್ದಕ್ಕೆ ಆ ಹೆಸರು, ಹಾಳೆಯ ಎರಡು ಮೂಲೆ ಹಿಡಿದು ಕೂಸನ್ನು ಎತ್ತಿದಂತೆ ಎತ್ತಿ ಒಣಗುವ ರ್ಯಾಕಿಗೆ ಸೇರಿಸುತ್ತಾಳೆ, ಎಂಥಾ ಗುಲಾಬಿ ಅಕ್ಕಾವ್ರೇ, ನೋಡಿದ್ರೆ ನೆಕ್ಕೋಣ ಅನ್ಸುತ್ತೆ, ನಿಮ್ಮ ತಂಗಿ ಮೇಲೆ ನಿಮಗೆ ಎಷ್ಟು ಪ್ರೀತಿ ಇರ್ಬೇಡ, ಅವಳು ಹೂಂ ಅನ್ನುತ್ತಾಳೆ, ಹೂಂ, ಪ್ರೀತಿ, ಎಳೆ, ಎತ್ತು, ನಲವತ್ತೆರಡು.

ಎಂಥಾ ಗುಲಾಬಿ ಅಂತ ರೇಡಿಯೋಗೆ ಗೊತ್ತಿಲ್ಲ, ಒಂದಲ್ಲ ಅದು, ಎರಡು, ಮೊನ್ನೆ ಒಂದು ಎಳೆದದ್ದು, ನಿನ್ನೆ ಒಂದು, ಎರಡೂ ದಿನ ರೇಡಿಯೋಗೆ ರಜೆ ಕೊಟ್ಟು ಒಬ್ಬಳೇ ಎಳೆದು ಒಬ್ಬಳೇ ಹರವಿ ಸೊಂಟ ಬಿದ್ದುಹೋಗಿದೆ, ಒಂದು ಓಡುವ ಗುಲಾಬಿ, ಒಂದು ನಿಲ್ಲುವ ಗುಲಾಬಿ. ಓಡುವುದು ಕಣ್ಣು ಕುಕ್ಕುವ ಹೊಳಪಿನದು, ಬಿಸಿಲಿಗೆ ಬಿದ್ದ ಹದಿನೈದು ಇಪ್ಪತ್ತು ದಿನಕ್ಕೆ ಊರು ಬಿಟ್ಟ ಸಾಲಗಾರನಂತೆ ಹೇಳದೆ ಕೇಳದೆ ಹೊರಟುಹೋಗುತ್ತದೆ, ಈ ಬುದ್ಧಿ ಅವಳಿಗೆ ಪುಕ್ಕಟೆ ಬಂದದ್ದಲ್ಲ, ಅಂಗಡಿ ಹಾಕಿದ ಹೊಸತರಲ್ಲಿ ಸರ್ಕಸ್ಸಿನವರಿಗೆ ಜೋಕರನ ಮುಖವನ್ನು ಪೂರ್ತಿ ಅದರಲ್ಲೇ ಹೊಡೆದು ಕೊಟ್ಟಿದ್ದಳು, ಎರಡು ವಾರಕ್ಕೆ ಊರ ತುಂಬ ಗೋಡೆಗಳ ಮೇಲೆ ಬರೀ ಟೊಪ್ಪಿ ಮತ್ತು ಎರಡು ಹುಬ್ಬು, ಮುಖವೇ ಇಲ್ಲ, ಮ್ಯಾನೇಜರು ಬಂದು ಏನಮ್ಮಾ ನಮ್ಮ ಜೋಕರನ್ನ ಕೊಂದುಬಿಟ್ಯಲ್ಲ ಅಂದಿದ್ದ, ಆ ನಾಚಿಕೆ ಎಷ್ಟು ವರ್ಷ ಸುಟ್ಟಿತು, ಈಗ ಕೈಗೆ ಬಂದ ಆಯುಧ ಅದೇ. ಎರಡು ಬಟ್ಟಲಿನಲ್ಲಿ ಎರಡು ಗುಲಾಬಿ ಕಲಸಿ, ಒಣಗಿಸಿ, ಕಿಟಕಿಯ ಬಳಿ ಒಯ್ದು, ಒಂದು ಚಿಟಿಕೆ ಬಿಳಿ, ಒಂದು ಹನಿ ಕೆಂಪು, ಮತ್ತೆ ಒಣಗಿಸಿ, ಎರಡು ದಿನ, ಪಕ್ಕಪಕ್ಕ ಇಟ್ಟರೆ ಹೆತ್ತ ತಾಯಿಗೂ ವ್ಯತ್ಯಾಸ ಗೊತ್ತಾಗಬಾರದು, ಅಲ್ಲಿಯವರೆಗೆ. ಬಾಗಿಲನ್ನೆಲ್ಲ ಓಡುವ ಗುಲಾಬಿಯಲ್ಲಿ ಎಳೆದಳು, ನಡುವೆ ಒಂದು ಚಿತ್ರದ ಜಾಗ ಖಾಲಿ ಬಿಟ್ಟು, ಆ ಖಾಲಿಯಲ್ಲಿ ಚಿತ್ರವನ್ನು ನಿಲ್ಲುವ ಗುಲಾಬಿಯಲ್ಲಿ ಎಳೆದಳು, ಕೂದಲೆಳೆಯ ಸಂದಿಯೂ ಇಲ್ಲದೆ ಕೂತಿತು, ಇವತ್ತು ನೋಡಿದವರಿಗೆ ಬರೀ ಬಾಗಿಲು, ಸಾದಾ ಸಪಾಟು ಗುಲಾಬಿ ಬಾಗಿಲು. ಕಛೇರಿಗೆ ಇನ್ನು ಇಪ್ಪತ್ತು ದಿನ. ಇಪ್ಪತ್ತು ದಿನದ ಬಿಸಿಲು ತಿಂದು ಬಾಗಿಲು ಬೆಳ್ಳಗಾಗುತ್ತದೆ, ಬಾಗಿಲಿನೊಳಗಿಂದ ಮುದುಕಿಯೊಬ್ಬಳ ಮುಖ ಎದ್ದು ಬರುತ್ತದೆ, ಮುಖದ ಕೆಳಗರ್ಧದ ಮೇಲೆ ಒತ್ತಿ ಹಿಡಿದ ಟವೆಲ್ಲು, ಟವೆಲ್ಲಿನ ಮೇಲೆ ಒಂದು ಕೈ, ಬಸ್‌ ನಿಲ್ದಾಣದಲ್ಲಿ, ಸೇತುವೆಯ ಕಂಬಗಳ ಮೇಲೆ, ಸಭಾಭವನದ ಎದುರು ಗೋಡೆಯ ಮೇಲೆ ಸಾಲಾಗಿ ಹನ್ನೆರಡು, ಆ ಸಂಜೆ ತಂಗಿ ಕಾರಿಳಿದು ತಲೆ ಎತ್ತಿದರೆ ಅಮ್ಮ.

ಯಾರಿಗೂ ಏನೂ ಅರ್ಥವಾಗುವುದಿಲ್ಲ, ಅವಳೊಬ್ಬಳಿಗೆ ಅರ್ಥವಾದರೆ ಸಾಕು, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅಂತ ಇಪ್ಪತ್ತೆರಡು ವರ್ಷ ಬಾಯಿಗೆ ಬೀಗ ಹಾಕಿಕೊಂಡದ್ದಾಯಿತು, ಇನ್ನು ಹಾವು ಸಾಯಲಿ. ಹೋದ ತಿಂಗಳು ಸಂದರ್ಶನದಲ್ಲಿ ಏನಂದಳು, ಇಲ್ಲೇ, ಇದೇ ಮೇಜಿನ ಮೇಲೆ ಕೆಲಸ ನಡೆಯುತ್ತಿತ್ತು, ರೇಡಿಯೋ ಮೊಬೈಲು ಹಿಡಿದು ಕೂಗಿ ಕರೆದಳು, ಅಕ್ಕಾವ್ರೇ ಬನ್ನಿ ಬನ್ನಿ ನಿಮ್ಮ ತಂಗಿ ಮಾತಾಡ್ತಿದಾರೆ, ಆ ದನಿ, ಜೇನು ಸವರಿದ ಚಾಕು, ನಾಲ್ಕನೇ ಹಾಡಿನಲ್ಲಿ ಕೇಳಿಸುತ್ತಲ್ಲ ಆ ಕೆಮ್ಮು, ಅದು ನಮ್ಮಮ್ಮಂದು, ಕೊನೇ ದಿನಗಳಲ್ಲಿ ನಾನು ಅವಳ ಪಕ್ಕದಲ್ಲೇ ಕೂತು ಹಾಡಿದೆ, ಅವಳ ಸೇವೆ ಮಾಡೋ ಭಾಗ್ಯ ಸಿಕ್ಕಿತು, ಆ ಕೆಮ್ಮು ನನಗೆ ಆಶೀರ್ವಾದ ಇದ್ದಹಾಗೆ. ಪಕ್ಕದಲ್ಲೇ ಕೂತು. ಸೇವೆ. ಒಂಬತ್ತು ತಿಂಗಳು ಹಾಸಿಗೆ ಬಟ್ಟೆ ಒಗೆದ ಈ ಕೈ, ಕಫದ ಡಬ್ಬಿ ತೊಳೆದ ಈ ಕೈ, ಬೆನ್ನಿನ ಹುಣ್ಣಿಗೆ ಮುಲಾಮು ಹಚ್ಚಿದ ಈ ಕೈ, ತಂಗಿ ಪುಟ್ಟಿ ಆಗ ಏನು ಮಾಡುತ್ತಿದ್ದಳು, ಗಂಟಲಿಗೆ ಬಿಸಿನೀರು ಕುಡಿಯುತ್ತಿದ್ದಳು, ದೂಳು ಆಗಲ್ಲ ಅಕ್ಕಾ, ಫಿನಾಯಿಲ್ ವಾಸನೆ ಆಗಲ್ಲ ಅಕ್ಕಾ, ನಾನು ಆ ಕೋಣೆಗೆ ಬಂದ್ರೆ ನನ್ನ ದನಿ ಹೋಗುತ್ತೆ, ಅಮ್ಮನೂ ಅದೇ, ಅವಳನ್ನ ಕರೀಬೇಡ ಕಣೆ, ದನಿ ಕೆಡುತ್ತೆ, ನೀನಿದೀಯಲ್ಲ. ನೀನಿದೀಯಲ್ಲ, ಆ ಒಂದು ಮಾತು, ಗೇಣುದ್ದದ ಮಾತು, ಅದರೊಳಗೆ ಅವಳ ಇಪ್ಪತ್ತೊಂಬತ್ತನೇ ವಯಸ್ಸು ಮುಳುಗಿಹೋಯಿತು. ಕೇಳಿ ಆದಮೇಲೆ ರೇಡಿಯೋ ಸೆರಗಿನಿಂದ ಕಣ್ಣೊರೆಸಿಕೊಂಡಳು, ಎಂಥಾ ಮಗಳು ಅಕ್ಕಾವ್ರೇ, ಪುಣ್ಯ ಮಾಡಿದ್ರು ನಿಮ್ಮಮ್ಮ, ಮರುದಿನ ಪುಟ್ಟಿಯದೇ ಫೋನು, ಅಕ್ಕಾ, ಪೋಸ್ಟರು ನೀನೇ ಮಾಡ್ಬೇಕು, ಆ ಆಲ್ಬಮ್ಮನ್ನ ನಿನ್ನಷ್ಟು ಕೇಳಿದೋರು ಯಾರಿದಾರೆ ಹೇಳು.

ಅದು ನಿಜ, ಅದೇ ದರಿದ್ರ, ಯಾರೂ ಇಲ್ಲ. ದಿನಾ ಕೇಳುತ್ತಾಳೆ, ಈಗಲೂ ಮೂಲೆಯಲ್ಲಿ ಬಣ್ಣದ ಬೆರಳಚ್ಚು ಮೆತ್ತಿದ ಹಳೇ ಪ್ಲೇಯರಿನಲ್ಲಿ ಅದೇ ನಡೆಯುತ್ತಿದೆ, ಮೂರನೆಯ ಹಾಡಿನ ಕೊನೆ, ಪುಟ್ಟಿಯ ದನಿ ಮೆಟ್ಟಿಲಿಳಿಯುವಂತೆ ಇಳಿದು ಇನ್ನೇನು ಬಿದ್ದಳು ಅನ್ನುವಾಗ ನಿಲ್ಲುವ ಜಾಗ, ಇಪ್ಪತ್ತೆರಡು ವರ್ಷ ಕೇಳಿದರೂ ತೋಳಿನ ರೋಮ ಏಳುತ್ತವೆ, ಇಂಥದ್ದನ್ನು ಇಂಥವಳ ಗಂಟಲಿಗೆ ಇಟ್ಟವರು ಯಾರು, ಅವರನ್ನು ಹಿಡಿದು ಕೇಳಬೇಕು, ದ್ವೇಷಿಸೋಣ ಅಂದರೆ ಹಾಡು ಬಿಡುವುದಿಲ್ಲ, ಬಿಸಿ ತುಪ್ಪ, ನುಂಗುವಂತಿಲ್ಲ ಉಗುಳುವಂತಿಲ್ಲ. ಅರವತ್ತೆಂಟು. ಅರವತ್ತೊಂಬತ್ತು. ಇನ್ನು ನಾಲ್ಕನೆಯದು ಶುರುವಾಗುತ್ತದೆ, ಶುರುವಾಯಿತು, ಅವಳು ಸ್ಕ್ವೀಜಿ ಕೆಳಗಿಟ್ಟು ತೊಳೆಯುವ ತೊಟ್ಟಿಯ ಹತ್ತಿರ ಹೋಗುತ್ತಾಳೆ, ನಲ್ಲಿ ಪೂರ್ತಿ ತಿರುಗಿಸಿ, ಏನೂ ಇಲ್ಲದಿದ್ದರೂ ಒಂದು ಹಳೆಯ ಚೌಕಟ್ಟನ್ನು ಒಡ್ಡಿ ನೀರು ಬಿಡುತ್ತಾಳೆ, ಜೋರಾಗಿ, ಇದು ಅಂಗಡಿಯ ರೂಢಿ, ನಾಲ್ಕನೇ ಹಾಡಿಗೆ ನೀರು, ರೇಡಿಯೋ ಮೊದಲು ಗೊಣಗುತ್ತಿದ್ದಳು, ಅಕ್ಕಾವ್ರೇ ಆ ಒಳ್ಳೇ ಹಾಡು ಬಂದಾಗ್ಲೇ ನಿಮಗೆ ತೊಳೆಯೋ ನೆನಪು, ಈಗ ಗೊಣಗುವುದಿಲ್ಲ, ಅಕ್ಕನಿಗೆ ಅಮ್ಮನ ಕೆಮ್ಮು ಕೇಳಿ ತಡೆಯಲಾಗುವುದಿಲ್ಲ ಪಾಪ ಅಂದುಕೊಂಡು ತಾನೇ ಪ್ಲೇಯರಿನ ಪಕ್ಕ ಕಿವಿ ಇಟ್ಟು ನಿಲ್ಲುತ್ತಾಳೆ, ನೀರಿನ ಸದ್ದಿನಾಚೆ ಆ ಬಾಯಿ ಅಲ್ಲಾಡುವುದು ಕಾಣುತ್ತದೆ, ಬಂತು, ಬಂತು ಕೆಮ್ಮು, ಅಯ್ಯೋ ನಮ್ಮವ್ವನೇ ಕೆಮ್ಮಿದಂಗಾಗುತ್ತೆ. ಕೆಮ್ಮು. ಅದು ಕೆಮ್ಮಲ್ಲ ಕಣೇ ಹುಚ್ಚಿ, ಅರ್ಧ ಕೆಮ್ಮು, ಸರಿಯಾಗಿ ಕೇಳು, ಹೊರಟು ನಡುವೆ ಕತ್ತರಿಸಿಹೋಗುತ್ತದೆ, ಉಳಿದರ್ಧ ಎಲ್ಲಿ ಅಂತ ಲಕ್ಷಾಂತರ ಜನ ಕೇಳಿದವರಲ್ಲಿ ಒಬ್ಬರೂ ಕೇಳಲಿಲ್ಲ.

ಉಳಿದರ್ಧ ಈ ಕೈಯಲ್ಲಿದೆ. ನೀರು ಮಣಿಕಟ್ಟಿನ ಮೇಲೆ ಹರಿಯುತ್ತಿದೆ, ತಣ್ಣಗೆ, ಅವತ್ತು ಬೆಚ್ಚಗಿತ್ತು, ನೀಲಿ ಅಂಚಿನ ಟವೆಲ್ಲು, ಅಂಗೈಯಗಲದ ಒದ್ದೆ, ಬೆಚ್ಚನೆಯ ಒದ್ದೆ, ಆ ಒದ್ದೆಯ ಹಿಂದೆ ಅಮ್ಮನ ಹಲ್ಲು ತಗಲುತ್ತಿತ್ತು. ಯಾರಿಂದಲೋ ಎರವಲು ತಂದ ರೆಕಾರ್ಡಿಂಗ್ ಯಂತ್ರ, ಸಂಜೆಯೊಳಗೆ ಹಿಂದಿರುಗಿಸಬೇಕು, ನಡುಮನೆಯಲ್ಲಿ ಕಿಟಕಿಗೆಲ್ಲ ಕಂಬಳಿ ಕಟ್ಟಿ ಪುಟ್ಟಿ ಬಾಗಿಲಲ್ಲಿ ತಲೆ ಹಾಕಿದಳು, ಅಕ್ಕಾ, ಎರಡು ಸಲ ಹಾಡ್ದೆ, ಎರಡೂ ಸಲ ಸ್ವರ ಜಾರ್ತು, ಇದು ಕೊನೇ ಸಲ, ನಾಲ್ಕು ನಿಮಿಷ ಅಮ್ಮ ಕೆಮ್ಮದ ಹಾಗೆ ನೋಡ್ಕೋ, ಹೇಗಾದ್ರೂ ಮಾಡಿ ನೋಡ್ಕೋ. ಹೇಗಾದರೂ ಮಾಡಿ. ಆ ಮಾತು ಅವಳ ಬಾಯಿಂದ ಬಂದದ್ದು, ಅದನ್ನು ಮರೆಯಬಾರದು, ಪೋಸ್ಟರಿನ ಆ ಕೈಗೆ ಅಪ್ಪಣೆ ಕೊಟ್ಟ ಬಾಯಿ ಅವಳದು. ಬಾಗಿಲು ಹಾಕಿದೆ, ಅಮ್ಮನ ಪಕ್ಕ ಕೂತೆ, ಹಾಡು ಶುರುವಾಯಿತು, ಗೋಡೆಯಾಚೆಯಿಂದ ಬಂದದ್ದಕ್ಕೇ ಮತ್ತಷ್ಟು ಚೆನ್ನ, ಎರಡನೆಯ ಚರಣ, ಅಮ್ಮನ ಎದೆಗೂಡು ಏಳತೊಡಗಿತು, ಅವಳಿಗೆ ಗೊತ್ತು ಅದು, ಒಂಬತ್ತು ತಿಂಗಳ ಅಭ್ಯಾಸ, ಮೊದಲು ಕತ್ತಿನ ನರ, ಆಮೇಲೆ ಭುಜ, ಆಮೇಲೆ ಕೆಮ್ಮು, ಟವೆಲ್ಲು ಕೈಯಲ್ಲೇ ಇತ್ತು, ಅರ್ಧ ಹೊರಬಿತ್ತು, ಇನ್ನರ್ಧವನ್ನು ಒತ್ತಿಬಿಟ್ಟಳು. ಒಂದು ಕೈ ಟವೆಲ್ಲಿನ ಮೇಲೆ, ಒಂದು ಕೈ ತಲೆಯ ಹಿಂದೆ, ಹಾಡು ಮುಗಿಯುವವರೆಗೆ, ಮೂಗು ಬಿಟ್ಟಿದ್ದಳು, ಮೂಗನ್ನು ಮುಚ್ಚಿರಲಿಲ್ಲ, ದೇವರಾಣೆ ಮೂಗು ಬಿಟ್ಟಿದ್ದಳು, ಆದರೆ ಕಫ ಕಟ್ಟಿದವರಿಗೆ ಮೂಗು ಇದ್ದರೆಷ್ಟು ಬಿಟ್ಟರೆಷ್ಟು. ತಂಗಿಗೋಸ್ಕರ ಅಂತ ಎಷ್ಟೋ ವರ್ಷ ಹೇಳಿಕೊಂಡಳು, ಹಾಡು ಕೆಡಬಾರದು ಅಂತ, ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ, ಸಾಕಾಗಿತ್ತು ಅವಳಿಗೆ, ಒಂಬತ್ತು ತಿಂಗಳು ಊಟ ಮಾಡುವಾಗ ನಿದ್ದೆ ಮಾಡುವಾಗ ಸ್ನಾನ ಮಾಡುವಾಗ ಬಾಗಿಲು ತಟ್ಟಿದಂತೆ ತಟ್ಟುತ್ತಿದ್ದ ಕೆಮ್ಮು, ಅದರ ಬಾಯಿ ಮುಚ್ಚುವ ಹಕ್ಕು ಮೊದಲ ಸಲ ಯಾರೋ ಕೈಗೆ ಕೊಟ್ಟಿದ್ದರು, ಅವಳು ಒತ್ತಿದಳು, ಒತ್ತುವಾಗ ಹಾಯೆನಿಸಿತು. ಹಾಯೆನಿಸಿತು, ಹೇಳಿಬಿಡು, ನಿನ್ನೊಳಗೇ ಹೇಳಿಕೊಳ್ಳಲು ಯಾರ ಭಯ. ಅಮ್ಮ ಕೈ ಎತ್ತಲಿಲ್ಲ, ಒದೆಯಲಿಲ್ಲ, ಟವೆಲ್ಲಿನ ನೀಲಿ ಅಂಚಿನ ಮೇಲೆ ಎರಡು ಕಣ್ಣು, ನೀರು ತುಂಬಿದ ಕಣ್ಣು, ಅವು ಅವಳ ಕಡೆಗೆ ತಿರುಗಿರಲಿಲ್ಲ, ಬಾಗಿಲಿನ ಕಡೆಗೆ ತಿರುಗಿದ್ದವು, ಹಾಡು ಬರುತ್ತಿದ್ದ ಕಡೆಗೆ.

ಆ ಕಣ್ಣಿಲ್ಲದಿದ್ದರೆ ಅವಳು ಇಷ್ಟು ವರ್ಷ ಬದುಕುತ್ತಿರಲಿಲ್ಲ. ನನ್ನನ್ನು ನೋಡಲಿಲ್ಲ, ಬೈಯಲಿಲ್ಲ, ಬೇಡಲಿಲ್ಲ, ಹಾಡು ಕೇಳುತ್ತಿದ್ದಳು, ಕೂಸಿನ ದನಿ ಬಾಗಿಲಾಚೆಯಿಂದ ಬರುತ್ತಿತ್ತು, ಅದನ್ನೇ ನೋಡುತ್ತಿದ್ದಳು, ಅಂದರೆ ಒಪ್ಪಿದ್ದಳು, ನಾವಿಬ್ಬರೂ ಸೇರಿಯೇ ಆ ಕೆಮ್ಮನ್ನು ಹಿಡಿದೆವು, ತಾಯಿ ಮಗಳು, ಒಬ್ಬಳು ಒಳಗಿನಿಂದ, ಒಬ್ಬಳು ಹೊರಗಿನಿಂದ. ಹಾಡು ಮುಗಿದು ಟವೆಲ್ಲು ತೆಗೆದಾಗ ಅಮ್ಮನ ತುಟಿ ನೀಲಿಗಟ್ಟಿತ್ತು, ಎಳೆದೆಳೆದು ಉಸಿರು ತುಂಬಿಕೊಂಡು ಮೊದಲು ಆಡಿದ ಮಾತು, ಚೆನ್ನಾಗಿ ಬಂತಾ. ಚೆನ್ನಾಗಿ ಬಂತಮ್ಮ. ಐದನೆಯ ದಿನಕ್ಕೆ ಹೋದಳು, ಡಾಕ್ಟರು ಶ್ವಾಸಕೋಶ ಅಂದರು, ಶ್ವಾಸಕೋಶವೇ, ಒಂಬತ್ತು ತಿಂಗಳಿಂದ ಅದೇ ಅಂದಿದ್ದರು, ನಾಲ್ಕು ನಿಮಿಷ ಲೆಕ್ಕಕ್ಕೆ ಬರುವುದಿಲ್ಲ, ಬರುತ್ತದೆಯೇ ಅಂತ ಯಾವ ಡಾಕ್ಟರನ್ನೂ ಅವಳು ಕೇಳಲಿಲ್ಲ. ಪೋಸ್ಟರಿನಲ್ಲೂ ಕಣ್ಣು ಹಾಗೇ ಬಿಡಿಸಿದ್ದಾಳೆ, ಬಾಗಿಲಿನ ಅಂಚಿಗೆ ತಿರುಗಿದ ಕಣ್ಣು, ಆರು ಸಲ ಅಳಿಸಿ ಏಳನೆಯ ಸಲ ಸರಿಬಂತು, ಕೈಯನ್ನು ಮಾತ್ರ ತನ್ನದಲ್ಲದ ಕೈ ಮಾಡಿದ್ದಾಳೆ, ಉದ್ದ ಬೆರಳು, ತಿದ್ದಿದ ಉಗುರು, ಪುಟ್ಟಿಯ ಕೈ, ಎಡ ಉಂಗುರಬೆರಳಿನಲ್ಲಿ ಪುಟ್ಟಿ ಯಾವತ್ತೂ ತೆಗೆಯದ ಚೌಕ ಉಂಗುರ ಸಮೇತ. ಅದು ಅನ್ಯಾಯವೇ, ಇರಲಿ, ಎಲ್ಲ ನ್ಯಾಯವನ್ನೂ ಅಕ್ಕನೇ ಯಾಕೆ ಮಾಡಬೇಕು. ನಲ್ಲಿ ನಿಲ್ಲಿಸಿದಳು, ಐದನೇ ಹಾಡು, ಜಾಲರಿಯಲ್ಲಿ ಬಣ್ಣ ಒಣಗಿದೆಯೇನೋ, ಒರೆಸು, ಒಂದು ಸಲ ಬರೀ ಕಾಗದದ ಮೇಲೆ ಎಳೆ, ಸರಿ ಇದೆ, ಎಪ್ಪತ್ತು, ಬಾಗಿಲ ಬಳಿ ರೇಡಿಯೋ ಕೂಗಿದಳು, ಅಕ್ಕಾವ್ರೇ ಬಂದ್ರು, ಬಂದ್ರು, ನಾನೇನ್ ಮಾಡ್ಲಿ ಕೈಯೆಲ್ಲ ಬಣ್ಣ.

ಪುಟ್ಟಿ ಒಳಗೆ ಬಂದಳು, ಸುಗಂಧ ಮೊದಲು, ಅವಳು ಆಮೇಲೆ, ಸೆರಗನ್ನು ಮೇಜಿಗೆ ತಾಗದಂತೆ ಎತ್ತಿ ಹಿಡಿದು, ಕೊರಳಿಗೆ ಉಣ್ಣೆಯ ಬಟ್ಟೆ ಸುತ್ತಿ, ಈ ಸೆಕೆಯಲ್ಲೂ, ಥಿನ್ನರ್ ವಾಸನೆಗೆ ಮೂಗು ಸ್ವಲ್ಪ ಮುದುಡಿತು, ಮುದುಡಲಿ. ಅಕ್ಕಾ, ಸೊರಗಿದೀಯ, ಊಟ ಮಾಡ್ತೀಯೋ ಇಲ್ವೋ. ಮಾಡ್ತೀನಿ. ರೇಡಿಯೋ ಕೈ ಮುಗಿಯಲು ಹೋಗಿ ಬಣ್ಣದ ಕೈ ಎಂದು ನೆನಪಾಗಿ ಮೊಣಕೈ ಮುಗಿದಳು, ಅಮ್ಮಾವ್ರೇ ಆ ಕೆಮ್ಮು ಬಂದ್ರೆ ನಾನು ಅತ್ತೇಬಿಡ್ತೀನಿ, ಹೌದಾ ತಾಯಿ, ಸಂತೋಷ, ಸ್ವಲ್ಪ ಬಿಸಿನೀರು ಸಿಗುತ್ತಾ. ರೇಡಿಯೋ ಓಡಿದಳು. ಅವಳು ರ್ಯಾಕಿನಿಂದ ಒಂದು ಹಾಳೆ ಎಳೆದು ಮೇಜಿನ ಮೇಲಿಟ್ಟಳು, ನೋಡು. ಪುಟ್ಟಿ ನೋಡಿದಳು, ಬಹಳ ಹೊತ್ತು, ಬಾಗಿಲು, ಸಾದಾ ಗುಲಾಬಿ ಬಾಗಿಲು, ಅದರೊಳಗೆ ಅಮ್ಮ ಮಲಗಿದ್ದಾಳೆ ನಿನಗೆ ಕಾಣುವುದಿಲ್ಲ, ಇಪ್ಪತ್ತು ದಿನ ತಾಳು. ಬಣ್ಣ ಹೋಗಲ್ಲ ತಾನೇ ಅಕ್ಕಾ, ಬಿಸಿಲಿಗೆ. ಹೋಗಲ್ಲ. ಅಷ್ಟು ಸಲೀಸಾಗಿ ಬಂತು ಸುಳ್ಳು, ಅವಳಿಗೇ ಮೆಚ್ಚುಗೆಯಾಯಿತು. ಆಮೇಲೆ ಪುಟ್ಟಿ ಬೆರಳು ಚಾಚಿದಳು, ಹಾಳೆಗೆ ತಾಗಿಸದೆ, ಹಳದಿ ಗೆರೆಯ ಮೇಲೆ ಮೇಲಿಂದ ಕೆಳಕ್ಕೆ ಎಳೆದಳು, ದನಿ ತಗ್ಗಿತು, ಸಂದಿ ಇಷ್ಟು ಅಗಲ ಇರ್ಲಿಲ್ಲ ಅಕ್ಕಾ, ಎರಡು ಬೆರಳು ಇತ್ತು ಅಷ್ಟೇ.

ಯಾವ ಸಂದಿ. ಬಾಗಿಲಿನ ಸಂದಿ, ನೀನು ಪೂರ್ತಿ ಹಾಕಿರ್ಲಿಲ್ವಲ್ಲ. ಹಾಕಿದ್ದೆ. ಹಾಕಿದ್ದೆ ಅಂದ್ಕೊಂಡಿದ್ದೀಯ, ಆ ಬಾಗಿಲು ಎತ್ತಿ ತಳ್ಳದಿದ್ರೆ ಕೂರ್ತಿರ್ಲಿಲ್ಲ, ವಾಪಸ್ ಬರ್ತಿತ್ತು, ನಿನಗೆ ನೆನಪಿಲ್ವಾ. ನೆನಪಿದೆ, ಕೀಲು ಸಡಿಲವಾಗಿ ಜೋತಿದ್ದ ಬಾಗಿಲು, ಹಿಡಿ ಹಿಡಿದು ಮೇಲಕ್ಕೆ ಎತ್ತಿ ಸೊಂಟದಿಂದ ತಳ್ಳಬೇಕು, ಅವತ್ತು ಎತ್ತಿದೆನೇ, ಒಂದು ಕೈಯಲ್ಲಿ ಟವೆಲ್ಲು, ಒಂದು ಕೈಯಲ್ಲಿ ಕಫದ ಡಬ್ಬಿ, ಕಾಲಿನಿಂದ ತಳ್ಳಿದೆ, ಕಾಲಿನಿಂದ, ಬರೀ ಕಾಲಿನಿಂದ. ಪುಟ್ಟಿ ಅವಳ ಮುಖ ನೋಡದೆ ಪೋಸ್ಟರಿಗೇ ಮಾತಾಡುತ್ತಿದ್ದಳು, ಮೈಕು ಇಟ್ಟಿದ್ದ ಜಾಗದಿಂದ ಮಂಚ ಕಾಣ್ತಿತ್ತು, ನೀನು ಕೂತಿದ್ದು ಕಾಣ್ತಿತ್ತು, ಎಲ್ಲ ಕಾಣ್ತಿತ್ತು ಅಕ್ಕಾ. ಹಾಗಾದ್ರೆ ಹಾಡು ಯಾಕೆ ನಿಲ್ಲಿಸ್ಲಿಲ್ಲ. ಈ ಪ್ರಶ್ನೆ ಕೇಳಿದ್ದು ತಾನೇ, ದನಿ ತನ್ನದೆಂದು ಗೊತ್ತಾಗಲು ಹೊತ್ತು ಹಿಡಿಯಿತು. ಪುಟ್ಟಿ ಕೊರಳಿನ ಬಟ್ಟೆ ಸರಿಮಾಡಿಕೊಂಡಳು, ಚೆನ್ನಾಗಿ ಬರ್ತಿತ್ತು. ಅಷ್ಟೇ. ಮೂರನೇ ಚರಣದಲ್ಲಿ ದನಿ ನಡುಗುತ್ತಲ್ಲ, ಅದು ಹೇಗೆ ಸಾಧಿಸಿದ್ರಿ ಅಂತ ಹೋದಲ್ಲೆಲ್ಲ ಕೇಳ್ತಾರೆ, ಶಿಷ್ಯರು ವರ್ಷಗಟ್ಟಲೆ ಅದನ್ನೇ ತಿದ್ತಾರೆ, ಯಾರಿಗೂ ಬರಲ್ಲ, ನನಗೂ ಮತ್ತೆ ಬರ್ಲಿಲ್ಲ. ಮೊದಲೆರಡು ಸಲ ಸ್ವರ ಜಾರಿತ್ತು ಅಂತ ನೀನೇ ಅಂದಿದ್ದೆ. ಜಾರಿರ್ಲಿಲ್ಲ ಅಕ್ಕಾ, ಎರಡೂ ಶುದ್ಧವಾಗಿದ್ವು, ತೊಳೆದ ಹಾಗೆ, ಸತ್ತ ಹಾಗೆ, ಏನೋ ಬೇಕಿತ್ತು, ಏನು ಅಂತ ಗೊತ್ತಿರ್ಲಿಲ್ಲ, ಆಮೇಲೆ ಸಿಕ್ತು. ಬಿಸಿನೀರಿನ ಲೋಟ ಹಿಡಿದು ರೇಡಿಯೋ ಬಂದು ನಿಂತಿದ್ದಳು, ಪುಟ್ಟಿ ಎರಡು ಗುಟುಕು ಕುಡಿದಳು, ಗಂಟಲ ಉಬ್ಬು ಮೇಲೆ ಹೋಗಿ ಕೆಳಗೆ ಬಂತು, ಲೋಟ ವಾಪಸು ಕೊಟ್ಟು ಬಣ್ಣವಿಲ್ಲದ ಜಾಗ ಹುಡುಕಿ ಅಕ್ಕನ ಮೊಣಕೈ ಮುಟ್ಟಿದಳು, ಪಕ್ಕದಲ್ಲೇ ಕೂತು ಹಾಡಿದೆ ಅಂತ ಹೇಳಿದ್ದು ಕೇಳಿ ನಿನಗೆ ಬೇಜಾರಾಗಿರ್ಬೇಕು, ನಂಗೆ ಹಾಗೇ ಅನ್ಸುತ್ತೆ, ಅಮ್ಮನೂ ನಾನೂ ಅಷ್ಟು ಹತ್ತಿರ ಯಾವತ್ತೂ ಇರ್ಲಿಲ್ಲ, ಅವಳು ಒಂದು ಸಲವೂ ರೆಪ್ಪೆ ಬಡೀಲಿಲ್ಲ ಗೊತ್ತಾ, ನಾನೂ ಬಡೀಲಿಲ್ಲ, ಹಾಡು ಮುಗಿಯೋವರೆಗೂ ನನ್ನನ್ನೇ ನೋಡ್ತಿದ್ಲು. ಮುಂದಿನ ಸಾಲಲ್ಲಿ ನಿನಗೆ ಕುರ್ಚಿ ಹಾಕಿಸಿದೀನಿ, ಬರ್ಬೇಕು. ಸುಗಂಧ ಬಾಗಿಲವರೆಗೆ ಹೋಯಿತು, ಕಾರಿನ ಸದ್ದು, ಹೋಯಿತು.

ಎಳೆ. ಎತ್ತು. ಎಪ್ಪತ್ತೊಂದು. ಏನಂದಳು, ಹಾಡು ಚೆನ್ನಾಗಿ ಬರುತ್ತಿತ್ತು ಅಂದಳು, ಮುಖಕ್ಕೆ ಹೊಡೆದಂತೆ ಹೇಳಿಹೋದಳು, ಬೆಣ್ಣೆಯಿಂದ ಕೂದಲು ಎಳೆದ ಹಾಗೆ ತನ್ನನ್ನು ಬಿಡಿಸಿಕೊಂಡು ಹೋದಳು, ಕತ್ತಿ ತಾನು ಹಿಡಿದಿದ್ದೇನೆ ಅಂದುಕೊಂಡಿದ್ದರೆ ಹಿಡಿ ಅವಳ ಕೈಯಲ್ಲಿ, ಅಲಗು ಇವಳ ಕೈಯಲ್ಲಿ, ಇಪ್ಪತ್ತೆರಡು ವರ್ಷದಿಂದ. ಮುಖ ಯಾಕೆ ಹಂಗಾಗಿದೆ ಅಕ್ಕಾವ್ರೇ, ತಂಗಿ ಮೆಚ್ಚಿದ್ರಲ್ಲ. ಮೆಚ್ಚಿದಳು. ಹಾಳೆಗಳನ್ನು ಹರಿದುಹಾಕಬಹುದು, ಇನ್ನೂ ಹೊತ್ತಿದೆ, ಅಂಟಿಸುವವನಿಗೆ ಫೋನು ಮಾಡಿ ನಾಳೆ ಬಾ ಅನ್ನಬಹುದು, ನಿಲ್ಲುವ ಗುಲಾಬಿಯ ಇನ್ನೊಂದು ಪದರ ಇಡೀ ಬಾಗಿಲ ಮೇಲೆ ಎಳೆದರೆ ಮುಗಿಯಿತು, ಅಮ್ಮ ಯಾವತ್ತೂ ಎದ್ದು ಬರುವುದಿಲ್ಲ, ಅಷ್ಟು ಸುಲಭ, ಎಳೆಯುವುದಿಲ್ಲ, ಯಾಕೆ ಎಳೆಯಬೇಕು, ಅಂಟಿಸಲಿ, ಅಂಟಿಸಿ ಏನಾಗುತ್ತದೆ, ಇಪ್ಪತ್ತನೆಯ ದಿನ ಅವಳು ಕಾರಿಳಿದು ತಲೆ ಎತ್ತುತ್ತಾಳೆ, ಬೆಚ್ಚುವುದಿಲ್ಲ, ಅವಳು ಆ ಚಿತ್ರವನ್ನು ಮೊದಲೇ ನೋಡಿದವಳು, ಆ ಜಾಗದಿಂದಲೇ ನೋಡಿದವಳು, ಓ ಅಂದುಕೊಂಡು ಒಳಗೆ ಹೋಗಿ ಇನ್ನೂ ಚೆನ್ನಾಗಿ ಹಾಡುತ್ತಾಳೆ, ಆ ನಡುಕ ಮತ್ತೆ ಬರುತ್ತದೆ, ಇಪ್ಪತ್ತೆರಡು ವರ್ಷ ಬಾರದ್ದು ಅವತ್ತು ಬರುತ್ತದೆ, ಅಕ್ಕ ಕೊಟ್ಟಳು, ಎರಡನೇ ಸಲವೂ ಅಕ್ಕನೇ ಕೊಟ್ಟಳು, ಸಭೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತದೆ, ಮುಂದಿನ ಸಾಲಿನ ಕುರ್ಚಿಯಲ್ಲಿ ಇವಳು. ಎಪ್ಪತ್ತೆರಡು, ಎಪ್ಪತ್ತಮೂರು, ರೇಡಿಯೋ ಹಾಳೆ ಎತ್ತುತ್ತಾಳೆ, ಕೂಸನ್ನು ಎತ್ತಿದಂತೆ, ಬಾಗಿಲು ಓರೆಯಾಗಿ ಗಾಳಿಯಲ್ಲಿ ಹೋಗುತ್ತದೆ, ಸಾದಾ ಗುಲಾಬಿ, ಏನೂ ಕಾಣುವುದಿಲ್ಲ, ಎಲ್ಲ ಕಾಣುತ್ತದೆ, ಬಿಡಿಸಿದವಳಿಗೆ ಬಿಸಿಲು ಬೇಡ, ಟವೆಲ್ಲು, ಅಂಚು, ಅಂಚಿನ ಮೇಲೆ ಎರಡು ಕಣ್ಣು, ಹಳದಿ ಗೆರೆಯ ಕಡೆಗೆ ತಿರುಗಿದ ಕಣ್ಣು, ಆರು ಸಲ ಅಳಿಸಿ ಬಿಡಿಸಿದ ಕಣ್ಣು, ಹಾಡಿನ ಕಡೆಗೆ ಅಂತ ಬಿಡಿಸಿದ್ದು, ಹಾಡಿನ ಕಡೆಗಲ್ಲ, ಹಾಡನ್ನು ನೋಡಲು ಕಣ್ಣು ಬೇಕಿಲ್ಲ, ಸಂದಿ ಇತ್ತು, ಎರಡು ಬೆರಳಿನ ಸಂದಿ, ಸಂದಿಯಲ್ಲಿ ಪುಟ್ಟಿ, ಅವರಿಬ್ಬರೂ ಒಬ್ಬರನ್ನೊಬ್ಬರು — ಇವಳ ಕೈ ಟವೆಲ್ಲಿನ ಮೇಲೆ, ಇವಳ ಕೈ ತಲೆಯ ಹಿಂದೆ, ಒಂಬತ್ತು ತಿಂಗಳ ಕೈ, ಆ ನಾಲ್ಕು ನಿಮಿಷ ಒಂದು ಸಲ, ಒಂದೇ ಒಂದು ಸಲ ಅಮ್ಮ ಇವಳ ಕಡೆಗೆ, ಬೈಯಲಾದರೂ, ಬೇಡಲಾದರೂ, ಸಾಕೇ ಬಿಡೇ ಅನ್ನಲಾದರೂ. ಎಳೆ, ಎತ್ತು, ಎಪ್ಪತ್ತನಾಲ್ಕು, ಇಲ್ಲ, ಎಪ್ಪತ್ತಮೂರೋ, ಅಕ್ಕಾವ್ರೇ ಬಣ್ಣ ಒಣಗ್ತಿದೆ, ಅಕ್ಕಾವ್ರೇ, ಕೈ ಯಾಕೆ ನಿಲ್ಲಿಸಿದ್ರಿ, ನೀಲಿ ಅಂಚಿನ ಮೇಲೆ ಎರಡು ಕಣ್ಣು, ರೆಪ್ಪೆ ಬಡಿಯದ ಕಣ್ಣು, ಆ ಕಡೆಗೆ, ಇಷ್ಟು ಹತ್ತಿರ ಇವಳು ಕೂತಿದ್ದರೂ ಆ ಕಡೆಗೆ